ಕರೆಂಟ್ ಬಂದ ಮೇಲೂ ತೆಗೆಯದ ಕೈ

ಹೆಸರು: ಸ್ನೇಹಲ, ತಂದೆ ಲಗಮಣ್ಣ ಖೋತ. ವಯಸ್ಸು: 24 ವರ್ಷ. ವಿದ್ಯಾಭ್ಯಾಸ: ಎಂ.ಎ. ಕನ್ನಡ. ಉದ್ಯೋಗ: ಬೆಲ್ಲದ ಪುಡಿ ಘಟಕದಲ್ಲಿ ಕಚೇರಿ ಕೆಲಸ. ವಾಸ: ಯಡೂರು, ತಾಲೂಕು ಚಿಕ್ಕೋಡಿ, ಜಿಲ್ಲೆ ಬೆಳಗಾವಿ.

ನಾನು ಠಾಣೆಗೆ ನಾನಾಗಿಯೇ ಬಂದಿದ್ದೇನೆ. ಬರೆದುಕೊಳ್ಳುವ ಸಿಬ್ಬಂದಿ ಬಂದೋಬಸ್ತಿಗೆ ಹೋಗಿರುವುದರಿಂದ ಮಹಿಳಾ ಪೇದೆಯವರ ಎದುರು ಕುಳಿತು ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ. ಜನ ಆಡಿದ ಮಾತನ್ನು ತಿದ್ದದೆ, ಆಡಿದ ಹಾಗೆಯೇ ಬರೆಯಲು ಹವಾಲ್ದಾರರು ಒಪ್ಪಿದ್ದಾರೆ. ಈ ಸಂಗತಿಯನ್ನು ಮನೆಯಲ್ಲಿ, ಬಸ್ಸಿನಲ್ಲಿ, ಕೆಲಸದ ಜಾಗದಲ್ಲಿ ತುಂಡು ತುಂಡಾಗಿ ಹೇಳಿ ಹೇಳಿ ದಣಿದಿದ್ದೇನೆ. ಕಂಡದ್ದನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಇಲ್ಲಿ ಇಡುತ್ತೇನೆ.

ದಿನಾಂಕ 19-12-2025, ಶುಕ್ರವಾರ, ಎಳ್ಳಮಾವಾಸ್ಯೆ. ಬೆಳಿಗ್ಗೆ ಎಂಟೂವರೆಗೆ ನಾನು ಕೆಲಸಕ್ಕೆ ಹೋದಾಗ ಯಂತ್ರದ ನೀರಿನ ಟಾಕಿಯಲ್ಲಿ ಒಂದು ಹಸಿರು ಖಣ, ಅಂದರೆ ರವಿಕೆಯ ಬಟ್ಟೆ, ತೇಲುತ್ತಿತ್ತು. ಅದರ ಜರಿ ಅಂಚು ಒದ್ದೆಯಾಗಿ ಒಂದು ಬದಿಗೆ ವಾಲಿತ್ತು. ಸುತ್ತ ನಾಲ್ಕೈದು ಚೆಂಡು ಹೂವು ಒಂದೇ ಜಾಗದಲ್ಲಿ ನಿಂತಿದ್ದವು.

ಈ ಟಾಕಿ ಯಾವುದು ಎಂಬುದನ್ನು ಹೇಳಬೇಕು. ನಮ್ಮ ಘಟಕ ಯಡೂರು ರಸ್ತೆಯ ಪಕ್ಕ, ಶ್ರೀ ರಾವಸಾಹೇಬ ಚೌಗಲಾ ಅವರ ಕಬ್ಬಿನ ಹೊಲದಲ್ಲಿಯೇ ಇದೆ. ಅವರು ಮಾಲಕರು; ನಾವೆಲ್ಲ ಸಾವಕಾರರು ಎನ್ನುತ್ತೇವೆ. ಇಲ್ಲಿ ಕಬ್ಬಿನ ಹಾಲನ್ನು ತೆರೆದ ಕೊಪ್ಪರಿಗೆಯಲ್ಲಿ ಕುದಿಸುವುದಿಲ್ಲ. ಮುಚ್ಚಿದ ದೊಡ್ಡ ಹಂಡೆಯೊಳಗಿನ ಗಾಳಿಯನ್ನು ಎಳೆದು ತೆಗೆದು, ಕಡಿಮೆ ಶಾಖದಲ್ಲಿ ಗಟ್ಟಿ ಮಾಡುತ್ತಾರೆ, ಬೆಲ್ಲ ಕಪ್ಪಾಗುವುದಿಲ್ಲ. ಗಾಳಿ ಎಳೆಯುವ ಯಂತ್ರವೇ ವಾಟರ್ ಜೆಟ್ ಎಜೆಕ್ಟರ್. ಟಾಕಿ, ಪಂಪು, ಜೆಟ್ ಪೈಪು ಎಲ್ಲವೂ ಒಂದೇ ಕಬ್ಬಿಣದ ಚೌಕಟ್ಟಿನ ಮೇಲೆ ಜೋಡಣೆಯಾಗಿಯೇ ಲಾರಿಯಲ್ಲಿ ಬಂದಿದ್ದವು. ಪಂಪು ಟಾಕಿಯ ನೀರನ್ನು ಸಣ್ಣ ಬಾಯಿಯೊಂದರಿಂದ ರಭಸವಾಗಿ ಹಾಯಿಸುತ್ತದೆ. ಆ ರಭಸ ಹಂಡೆಯ ಗಾಳಿಯನ್ನೂ ಆವಿಯನ್ನೂ ತನ್ನ ಜೊತೆ ಎಳೆದುಕೊಂಡು ಬರುತ್ತದೆ. ನೀರು ಮತ್ತೆ ಅದೇ ಟಾಕಿಗೆ ಬೀಳುತ್ತದೆ. ಟಾಕಿಯ ಮೇಲ್ಭಾಗ ತೆರೆದಿದೆ. ಸಾವಕಾರರ ತಾಯಿ ರುಕ್ಮವ್ವ ಆಯಿ ಅದನ್ನು ಬಾವಿ ಎನ್ನುತ್ತಾರೆ.

ಆ ಯಂತ್ರ ನಡೆಸುವವರು ಮಾಯಪ್ಪ ಕಾಂಬಳೆ, ವಯಸ್ಸು ಸುಮಾರು 45, ವಾಸ ಅಂಕಲಿ. ನಾನು ಅವರನ್ನು ಕಾಕಾ ಎಂದು ಕರೆಯುತ್ತೇನೆ. ಅವರು ನನ್ನನ್ನು, ಶಾಲೆಯ ಟೀಚರನ್ನು ಕರೆಯುವಂತೆ, ಬಾಯಾರ ಎಂದು ಕರೆಯುತ್ತಾರೆ.

ಶುಕ್ರವಾರದ ಮಾತಿಗೆ ಮೊದಲು ಹಿಂದಿನ ದಿನದ ಒಂದು ವಿಷಯ ಬರೆಯಬೇಕು. ಕರೆಂಟ್ ಹೋದಾಗ ಪಂಪು ನಿಲ್ಲುತ್ತದೆ. ಆಗ ಹಂಡೆಯ ವಾಲ್ವ್ ಬೇಗ ಮುಚ್ಚದಿದ್ದರೆ ಟಾಕಿಯ ನೀರು ಹಿಮ್ಮುಖವಾಗಿ ಹಂಡೆಗೆ ಏರುತ್ತದೆ. ಅದನ್ನು ತಾನಾಗಿ ತಡೆಯಬೇಕಾದ ಇನ್ನೊಂದು ವಾಲ್ವ್ ಕೆಟ್ಟಿತ್ತು; ಬದಲಿಸಿ ಎಂದು ಮಾಯಪ್ಪ ಕಾಕಾ ಕೇಳಿದ್ದರು. ಅದರ ಹಿಂದಿನ ವಾರ ಹೀಗೆಯೇ ನೀರು ಏರಿ ಹದಕ್ಕೆ ಬಂದ ಒಂದು ಹಂಡೆ ಬೆಲ್ಲ ಹಾಳಾಗಿತ್ತು. ಗುರುವಾರ ಕಾಕಾ ಅವರ ರಜೆ. ಮಧ್ಯಾಹ್ನ ಸಾವಕಾರರು ಮೋಟಾರ್ ದುರಸ್ತಿ ಮಾಡುವ ದುರಗಪ್ಪ ಎಂಬುವವರನ್ನು ಕರೆತಂದರು. ದುರಗಪ್ಪ ಅವರ ಕೈಯಲ್ಲಿ ಒಂದು ಆಟೋ ಸ್ಟಾರ್ಟರ್ ಪೆಟ್ಟಿಗೆ ಇತ್ತು, ಅದಕ್ಕೆ ಹೊಲದ ಒಣಗಿದ ಕೆಸರು ಅಂಟಿತ್ತು.

ಆಟೋ ಸ್ಟಾರ್ಟರ್ ಏನೆಂದು ನಮ್ಮ ಭಾಗದಲ್ಲಿ ಯಾರಿಗೂ ಹೇಳಬೇಕಿಲ್ಲ. ಹೊಲಕ್ಕೆ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ. ಪೆಟ್ಟಿಗೆ ಹಚ್ಚಿದ್ದರೆ ಕರೆಂಟ್ ಬಂದ ಸ್ವಲ್ಪ ಹೊತ್ತಿಗೆ, ಯಾರೂ ಬಟನ್ ಒತ್ತದೆಯೇ, ಮೋಟಾರ್ ತಾನಾಗಿ ಚಾಲೂ ಆಗುತ್ತದೆ, ರೈತ ಹೊಳೆಯವರೆಗೆ ಓಡಬೇಕಿಲ್ಲ.

ಕಿಟಕಿಯ ಈಚೆ ನನ್ನ ಮೇಜು, ಆಚೆ ಯಂತ್ರದ ಕೋಣೆ. ಮಾತು ಕೇಳಿಸುತ್ತದೆ. ಸಾವಕಾರರು, ಹೊಳಿ ಮ್ಯಾಲಿನ ಮೋಟಾರಿಗಿ ಹೆಂಗ ಹಚ್ಚೀವಿ ಹಂಗ ಇದಕ್ಕೂ ಹಚ್ಚು, ನೀರು ಹಿಂದ ಏರೂದರಾಗ ಪಂಪ್ ತಾನ ಚಾಲೂ ಆಗ್ಲಿ ಎಂದರು. ದುರಗಪ್ಪ, ಮಾಯಪ್ಪಗ ಹೇಳ್ರಿ ಮತ್ತ, ಅಂವಾ ಕೆಂಪ ಬಟನ್ ನಂಬಿದ ಮನಶ್ಯಾ ಎಂದರು. ಸಾವಕಾರರು ನಕ್ಕು, ಹೇಳ್ತೀನಿ ತಗೋ, ನೀ ಸ್ಕ್ರೂ ಬಿಗಿ ಮಾಡು, ಭಾಷಣ ಬಿಗಿ ಮಾಡಬ್ಯಾಡ ಎಂದರು. ಪೆಟ್ಟಿಗೆಯನ್ನು ಪಂಪಿನ ಕೆಂಪು, ಹಸಿರು ಬಟನ್ ಇರುವ ಪ್ಯಾನೆಲ್ಲಿನ ಮಗ್ಗುಲಿಗೆ, ಗೋಡೆಯ ಕಡೆ ಹಚ್ಚಿದರು. ಯಂತ್ರದ ಮುಂದೆ ನಿಂತವರಿಗೆ ಅದು ಕಾಣುವುದಿಲ್ಲ. ನನ್ನ ಕಿಟಕಿಯಿಂದ ಕಾಣುತ್ತದೆ.

ಶುಕ್ರವಾರ ಬೆಳಿಗ್ಗೆ ರುಕ್ಮವ್ವ ಆಯಿ ಹೊಲದ ಬೆಳೆಗೆ ಹಬ್ಬದ ಎಡೆ ಎರಚುವ ಚರಗಕ್ಕೆ ಹೊರಟವರು ಮೊದಲು ಟಾಕಿಗೆ ಪೂಜೆ ಮಾಡಿ, ಬಾವಿಗೆ ಮಾಡುವಂತೆ ಗಂಗವ್ವನಿಗೆ ಉಡಿ ತುಂಬಿದ್ದರು. ಅದೇ ಆ ಖಣ. ಮಾಯಪ್ಪ ಕಾಕಾ ನನಗಿಂತ ಮೊದಲೇ ಬಂದಿದ್ದರು. ಅವರು ಖಣದ ಕಡೆ ಕೈ ತೋರಿಸಿ, ಆಯಿ, ಇದನ್ನ ತಗದ ಗ್ವಾಡಿ ಮ್ಯಾಲ ಇಡ್ಲ್ಯಾ, ಪಂಪಿನಾಗ ಹೋದೀತು ಎಂದು ಕೇಳಿದರು. ಆಯಿ, ತುಂಬಿದ ಉಡಿ ಹೊತ್ತ ಏರೂದರಾಗ ತಗೀತಾರೇನೋ ಹುಚ್ಚಾ, ಸಂಜಿಕ ತಗಿ, ಗಂಗವ್ವ ಉಟಗೊಂಡ ನಿಂತಾಳ, ನಿನಗೇನ ಅವಸರ ಎಂದರು. ಕಾಕಾ, ಗಂಗವ್ವ ಉಟ್ರ ಛಲೋನ ಆತು, ನಮ್ಮ ಪಂಪು ಉಡಬಾರದು ಅಷ್ಟ ಎಂದರು. ಆಯಿ ನಕ್ಕು ಅವರ ಕೈಗೆ ಎರಡು ಸಜ್ಜೆ ರೊಟ್ಟಿ, ಪುಂಡಿ ಪಲ್ಲೆ ಕೊಟ್ಟು ಹೋದರು. ಕಾಕಾ ಖಣವನ್ನು ಒಂದು ಕೋಲಿನಿಂದ ಟಾಕಿಯ ಮೂಲೆಗೆ ಸರಿಸಿ ಪಂಪು ಚಾಲೂ ಮಾಡಿದರು.

ಹತ್ತೂಕಾಲಿನ ಸುಮಾರಿಗೆ ಪಂಪಿನ ಸದ್ದು ಬದಲಾಯಿತು. ಮೊದಲು ಒಂದೇ ಸಮನೆ ಇದ್ದ ಸದ್ದು ಉಬ್ಬಸದ ಹಾಗೆ ಆಯಿತು. ಗಾಳಿಯ ಒತ್ತಡ ತೋರಿಸುವ ಮುಳ್ಳು ಇಳಿಯತೊಡಗಿತು. ಖಣ ಮೂಲೆಯಲ್ಲಿ ಇರಲಿಲ್ಲ. ಟಾಕಿಯೊಳಗೆ ಪಂಪಿನ ಬಾಯಿಗೆ ಕಸ ತಡೆಯಲು ಇದ್ದ ಜಾಳಿ ಒಂದು ಕಡೆ ಹರಿದಿದ್ದು, ಖಣ ಅದರ ಮೂಲಕ ಪಂಪಿನೊಳಗೆ ಸೇರಿತ್ತು. ಕಾಕಾ ಕಿಟಕಿಯ ಕಡೆ ತಿರುಗಿ, ಉಟಗೊಂಡೇ ಬಿಡ್ತು ನೋಡ್ರಿ ಬಾಯಾರ ಎಂದರು. ಅವರು ಸಾವಕಾರರಿಗೆ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ, ಅವರು ಹೊಲದಲ್ಲಿ ಚರಗದ ಊಟಕ್ಕೆ ಕುಳಿತಿದ್ದರೆಂದು ನಂತರ ತಿಳಿಯಿತು.

ಹತ್ತೂವರೆಗೆ ಕರೆಂಟ್ ಹೋಯಿತು. ಕಾಕಾ ಓಡಿ ಹಂಡೆಯ ವಾಲ್ವ್ ಮುಚ್ಚಿದರು. ನಂತರ ಪ್ಯಾನೆಲ್ಲಿನ ಕೆಂಪು ಬಟನ್ ಒತ್ತಿದರು. ಇದನ್ನು ನಾನು ಸ್ಪಷ್ಟವಾಗಿ ಕಂಡಿದ್ದೇನೆ. ನಮ್ಮ ಘಟಕದಲ್ಲಿ ಪಂಪಿನ ಯಾವ ಕೆಲಸಕ್ಕೂ ಮೊದಲು ಕೆಂಪು ಬಟನ್ ಒತ್ತುವುದೇ ವಾಡಿಕೆ. ಬಾಗಿಲ ಬಳಿಯ ಮೇನ್ ಸ್ವಿಚ್ ಯಾರೂ ಎಳೆಯುತ್ತಿರಲಿಲ್ಲ. ಕೆಂಪು ಒತ್ತಿದರೆ, ಮತ್ತೆ ಹಸಿರು ಒತ್ತುವವರೆಗೆ ಪಂಪು ಚಾಲೂ ಆಗುತ್ತಿರಲಿಲ್ಲ. ಗುರುವಾರದವರೆಗೆ ಹಾಗಿತ್ತು.

ಕಾಕಾ ಪಾನಾ ತಂದು, ಪಂಪಿಗೂ ಮೋಟಾರಿಗೂ ನಡುವಿನ ಕಪ್ಲಿಂಗ್ ಮೇಲಿನ ತಗಡಿನ ಮುಚ್ಚಳ ಬಿಚ್ಚಿದರು. ಒಳಗೆ ಸುತ್ತಿಕೊಂಡ ಬಟ್ಟೆ ಬಿಡಿಸಲು ಕಪ್ಲಿಂಗನ್ನು ಕೈಯಿಂದ ಹಿಂದಕ್ಕೆ ತಿರುಗಿಸಬೇಕು ಎಂದರು. ಕೋಣೆ ಕತ್ತಲಿತ್ತು. ಅವರು, ಬಾಯಾರ, ಮೊಬೈಲ್ ಬ್ಯಾಟರಿ ಹಿಡೀರಿ ಸ್ವಲ್ಪ, ನಿಮ್ಮ ಎಂ.ಎ. ಇವತ್ತ ಕೆಲಸಕ್ಕ ಬರ್ಲಿ ಎಂದರು. ನಾನು ಒಳಗೆ ಹೋಗಿ ಅವರ ಎಡಗಡೆ, ಎರಡು ಅಡಿ ದೂರದಲ್ಲಿ ನಿಂತು ಬೆಳಕು ಹಿಡಿದೆ. ಅವರು ಬಲಗೈಯಿಂದ ಕಪ್ಲಿಂಗ್ ಹಿಡಿದು ಒಂದೊಂದೇ ಸುತ್ತು ಹಿಂದಕ್ಕೆ ತಿರುಗಿಸುತ್ತಿದ್ದರು. ಜಾಳಿಯ ಕಡೆಯಿಂದ ಹಸಿರು ಎಳೆಗಳು ಹೊರಗೆ ಬರುತ್ತಿದ್ದವು.

ಹತ್ತೂ ಐವತ್ತರ ಸುಮಾರಿಗೆ ಕರೆಂಟ್ ಬಂತು. ಕೋಣೆಯ ಟ್ಯೂಬ್‌ಲೈಟ್ ಎರಡು ಸಲ ಮಿನುಗಿ ಹತ್ತಿತು. ನಾನು ಮೊಬೈಲ್ ಬೆಳಕು ಆರಿಸಿದೆ. ಕಾಕಾ ತಲೆ ಎತ್ತಿ ದೀಪ ನೋಡಿದರು. ಬಂತ ನೋಡ್ರಿ ಮಹಾರಾಣಿ, ಇನ್ನ ಒಂದ ಸುತ್ತ ಆದ್ರ ಮುಗೀತು ಎಂದರು. ಕೈ ತೆಗೆಯಲಿಲ್ಲ. ಮತ್ತೆ ಬಗ್ಗಿ ಕಪ್ಲಿಂಗ್ ಹಿಡಿದರು. ಪ್ಯಾನೆಲ್ಲಿನ ಮಗ್ಗುಲಿನಿಂದ ಟಕ್ ಎಂದು ಸದ್ದಾಯಿತು. ಪಂಪು ತಿರುಗಿತು.

ನಾನು ಬಾಗಿಲಿಗೆ ಓಡಿ ಮೇನ್ ಎಳೆದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಹಸಿರು ಬಟನ್ ಯಾರೂ ಒತ್ತಲಿಲ್ಲ. ಕಾಕಾ ನೆಲದ ಮೇಲೆ ಕುಳಿತಿದ್ದರು. ಕೂಗಿದ್ದು ನನಗೆ ನೆನಪಿಲ್ಲ, ಕೂಗಿರಬಹುದು. ಪುಡಿ ಸೋಸುವ ಬಿಳಿ ಬಟ್ಟೆಯನ್ನು ಅವರ ಕೈಗೆ ಸುತ್ತಿದೆ. ಹಾಲಿನ ಟೆಂಪೋ ಒಂದನ್ನು ನಿಲ್ಲಿಸಿ ಚಿಕ್ಕೋಡಿಗೆ ಕರೆದುಕೊಂಡು ಹೋದೆ. ಅಲ್ಲಿಂದ ಮಿರಜಕ್ಕೆ ಕಳಿಸಿದರು. ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳು ಹೋಗಿವೆ. ತೋರುಬೆರಳು ಮಡಚುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ.

ಅದೇ ದಿನ ಮಧ್ಯಾಹ್ನ ಮೂರೂವರೆಗೆ ನಾನು ನನ್ನ ಚೀಲ ತೆಗೆದುಕೊಳ್ಳಲು ಘಟಕಕ್ಕೆ ಮರಳಿದೆ. ದುರಗಪ್ಪ ಪ್ಯಾನೆಲ್ಲಿನ ಮಗ್ಗುಲಿಗೆ ಬಗ್ಗಿ ಸ್ಕ್ರೂ ಬಿಚ್ಚುತ್ತಿದ್ದರು. ಸಾವಕಾರರು ಪಕ್ಕದಲ್ಲಿ ನಿಂತಿದ್ದರು. ಪೆಟ್ಟಿಗೆಯನ್ನು ಗೊಬ್ಬರದ ಚೀಲದಲ್ಲಿ ಹಾಕಿ ದುರಗಪ್ಪ ಅವರ ಬೈಕಿಗೆ ಕಟ್ಟಿದರು. ದುರಗಪ್ಪ ನನ್ನನ್ನು ನೋಡಿ ಮುಖ ಕೆಳಗೆ ಹಾಕಿದರು. ಸಾವಕಾರರು ನನಗೆ, ಹಬ್ಬ ಐತಿ, ಮನಿಗಿ ಹೋಗವ್ವಾ, ಹೋಳಗಿ ತಿನ್ನು ಎಂದರು. ಪ್ಯಾನೆಲ್ಲಿನ ಮಗ್ಗುಲಲ್ಲಿ ನಾಲ್ಕು ಹೊಸ ತೂತುಗಳು ಹೊಳೆಯುತ್ತಿದ್ದವು. ಸೋಮವಾರ ನೋಡಿದಾಗ ಅವುಗಳಿಗೆ ಮೇಣ ತುಂಬಿ ಬಣ್ಣ ಬಳಿದಿತ್ತು. ಉಗುರಿನಿಂದ ಮುಟ್ಟಿದರೆ ಇನ್ನೂ ಮೆತ್ತಗಿತ್ತು.

ದಿನಾಂಕ 22-12-2025, ಸೋಮವಾರ ಬೆಳಿಗ್ಗೆ ಸಾವಕಾರರು ನನ್ನ ಮೇಜಿನ ಎದುರು ಕುರ್ಚಿ ಹಾಕಿಕೊಂಡು ಕುಳಿತರು. ಅದುವರೆಗೆ ಅವರು ನನ್ನೆದುರು ಕುಳಿತದ್ದಿಲ್ಲ. ನೋಡವ್ವಾ ಸ್ನೇಹಲ, ನೀ ನಮ್ಮನಿ ಮಗಳಿದ್ದಂಗ ಎಂದು ಶುರು ಮಾಡಿದರು. ಪೊಲೀಸರು ಕೇಳಿದರೆ, ಪಂಪ್ ಚಾಲೂ ಇದ್ದಾಗನ ಮಾಯಪ್ಪ ಕೈ ಹಾಕಿದ, ಬ್ಯಾಡಂದ್ರೂ ಕೇಳಲಿಲ್ಲ ಎಂದಷ್ಟೇ ಹೇಳಬೇಕೆಂದರು. ಪೆಟ್ಟಿಗೆಯ ಹೆಸರು ಎತ್ತಬಾರದೆಂದರು. ನನಗೆ ಎದುರು ಮಾತು ಬೇಗ ಬರುವುದಿಲ್ಲ. ಅವರು ನನ್ನ ಮೌನವನ್ನು ಒಪ್ಪಿಗೆ ಎಂದು ತಿಳಿದರೆಂದು ತೋರುತ್ತದೆ. ಚಿಕ್ಕೋಡಿಯ ಒಂದು ಕಾಲೇಜಿನ ಆಡಳಿತ ಮಂಡಳಿಯಲ್ಲಿ ಅವರಿದ್ದಾರೆ. ಜೂನ್ ತಿಂಗಳಿಂದ ಅಲ್ಲಿ ಕನ್ನಡಕ್ಕೆ ಒಬ್ಬರು ಬೇಕಾಗಿದ್ದಾರೆ, ಇಲ್ಲಿ ಬೆಲ್ಲದ ಪೊಟ್ಟಣಕ್ಕ ಚೀಟಿ ಹಚ್ಚಕೋತ ಎಷ್ಟ ದಿನ ಕುಂದರ್ತಿ ಎಂದರು. ಎಂ.ಎ. ಮುಗಿದ ಮೇಲೆ ಎರಡು ವರ್ಷದಿಂದ ನಾನು ಹುಡುಕುತ್ತಿರುವುದು ಅದೇ ಕೆಲಸ. ಅದು ಅವರಿಗೆ ಗೊತ್ತಿದೆ.

ಅಷ್ಟರಲ್ಲಿ ರುಕ್ಮವ್ವ ಆಯಿ ಒಳಗೆ ಬಂದರು. ಆ ಮೂರು ದಿನಗಳಲ್ಲಿ ಅವರು ಸರಿಯಾಗಿ ಊಟ ಮಾಡಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಖಣದಿಂದ ಆತವ್ವಾ, ಅಂವಾ ಕೇಳಿದ್ದ, ನಾನ ಬ್ಯಾಡಂದ್ನಿ, ನನ್ನ ಹೆಸರ ಬರಸು ಎಂದು ಅಳುತ್ತ ನನ್ನ ಕೈ ಹಿಡಿದರು. ಸಾವಕಾರರು, ಅವ್ವಾ, ನೀ ಸುಮ್ನ ಒಳಗ ನಡಿ ಎಂದರು. ಆದರೆ ಜೋರಾಗಿ ಅನ್ನಲಿಲ್ಲ. ತಾಯಿ ಅಳುವುದು ಅವರಿಗೆ ಆ ಹೊತ್ತಿನಲ್ಲಿ ಅಡ್ಡಿಯಾಗಿರಲಿಲ್ಲ ಎಂದು ನನಗನಿಸಿತು. ಆಯಿ ಹೇಳಿದಂತೆ ಅವರ ಹೆಸರನ್ನೂ ಬರೆದಿದ್ದೇನೆ. ಆದರೆ ಖಣ ಪಂಪನ್ನು ನಿಲ್ಲಿಸುತ್ತಿತ್ತು. ಅದನ್ನು ಚಾಲೂ ಮಾಡಿದ್ದು ಖಣ ಅಲ್ಲ.

ದಿನಾಂಕ 23-12-2025, ಮಂಗಳವಾರ ನಾನು ಬಸ್ಸಿನಲ್ಲಿ ಮಿರಜಕ್ಕೆ ಹೋದೆ. ಮಾಯಪ್ಪ ಕಾಕಾ ಕಿಟಕಿಯ ಬಳಿಯ ಹಾಸಿಗೆಯಲ್ಲಿ ಇದ್ದರು. ಅವರ ಹೆಂಡತಿ ಅಕ್ಕುತಾಯಿ ಕಿತ್ತಳೆ ಸುಲಿಯುತ್ತಿದ್ದರು. ಕಾಕಾ ನನ್ನನ್ನು ನೋಡಿ, ಬರ್ರಿ ಬಾಯಾರ, ಈ ಕೈಲೆ ಇನ್ನ ಯಾರಿಗೂ ಹೊಡಿಯಾಕ ಬರೂದಿಲ್ಲ, ಇಕಿ ಆರಾಮ ಆದ್ಲು ಎಂದರು. ಅಕ್ಕುತಾಯಿ, ಹೊಡದ ಗೊತ್ತೈತೇನ ನಿಮಗ, ಇಲಿ ಕಂಡ್ರ ಕಾಟ್ ಮ್ಯಾಲ ಏರ್ತೀರಿ ಎಂದರು. ಇಬ್ಬರೂ ನಗಲಿಲ್ಲ.

ಆಮೇಲೆ ಕಾಕಾ ಬಹಳ ಹೊತ್ತು ಬ್ಯಾಂಡೇಜ್ ನೋಡುತ್ತ ಕುಳಿತರು. ನನ್ನ ಮೊಣಕೈ ಏನರ ಹಸರ ಬಟನ್ನಿಗಿ ತಾಗಿತ್ತೇನ್ರಿ, ನೀವು ಅಲ್ಲೇ ಇದ್ದಿದ್ರಿ ಎಂದು ಕೇಳಿದರು. ಪ್ಯಾನೆಲ್ಲು ಅವರಿಂದ ಆರು ಅಡಿ ದೂರ ಇತ್ತು. ತಾಗಿರಲು ಸಾಧ್ಯವಿಲ್ಲ ಎಂದೆ. ಹಂಗಾರ ಕೆಂಪ ಸರಿಯಾಗಿ ಒತ್ತಿಲ್ಲ ನಾ, ಹಬ್ಬದ ಅವಸರದಾಗ ಎಂದರು. ನಾಲ್ಕು ದಿನ ಹಾಸಿಗೆಯಲ್ಲಿ ಮಲಗಿ ತನ್ನ ತಪ್ಪು ಯಾವುದೆಂದು ಹುಡುಕುತ್ತಿದ್ದರು. ಸಾವಕಾರರ ಕಡೆಯ ಒಬ್ಬರು ಅಂದು ಬೆಳಿಗ್ಗೆ ಬಂದು, ಇದು ನನ್ನ ಕೈತಪ್ಪಿನಿಂದಲೇ ಆಯಿತು, ಯಾರ ಮೇಲೂ ತಕರಾರಿಲ್ಲ ಎಂಬ ಬರಹ ಓದಿ ಹೇಳಿ, ನಾಡಿದ್ದು ಗುರುವಾರ ಬಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇವೆ ಎಂದಿದ್ದರಂತೆ. ಒತ್ತಿದರೆ ಆಸ್ಪತ್ರೆಯ ಖರ್ಚು ಸಾವಕಾರರದು. ಒತ್ತಿದ ಮೇಲೆ ಪರಿಹಾರ ಕೇಳುವಂತಿಲ್ಲ. ಕಾಕಾ, ಹೆಬ್ಬೆರಳ ಉಳದೈತಲ್ಲ, ಅದಕ್ಕ ಅಷ್ಟ ಸಾಕಂತ್ರಿ ಎಂದರು.

ನಾನು ಪೆಟ್ಟಿಗೆಯ ವಿಷಯ ಹೇಳಿದೆ. ಗುರುವಾರ ಹಚ್ಚಿದ್ದು, ಶುಕ್ರವಾರ ಮಧ್ಯಾಹ್ನ ಬಿಚ್ಚಿದ್ದು, ಎರಡನ್ನೂ ಹೇಳಿದೆ. ನಿಮಗೆ ಯಾರೂ ತಿಳಿಸಲಿಲ್ಲವೇ ಎಂದು ಕೇಳಿದೆ. ಅವರು, ಆ ಟಕ್ ಅಂದದ್ದು ಅದ ಏನ್ರಿ ಎಂದು ಮಾತ್ರ ಕೇಳಿದರು. ಹೌದು ಎಂದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನಂತರ, ಬಾಯಾರ, ನೀವು ಲಗ್ನದ ವಯಸ್ಸಿನವರು, ಠಾಣೆ ಕೋರ್ಟು ಅಂತ ನನ್ನ ಸಲುವಾಗಿ ತಿರಗಬ್ಯಾಡ್ರಿ ಎಂದರು. ಅಕ್ಕುತಾಯಿ ಅವರ ಮಾತಿಗೆ ಹೂಂ ಅನ್ನಲಿಲ್ಲ. ನನ್ನ ಕೈಗೆ ಕಿತ್ತಳೆಯ ಎರಡು ತೊಳೆ ಇಟ್ಟು, ದೀಪ ಹತ್ತಿದ್ದ ಕಂಡವರು ನೀವೊಬ್ಬರ ಎಂದರು.

ಬಸ್ಸಿನಲ್ಲಿ ಮರಳುವಾಗ ಇದನ್ನೇ ಯೋಚಿಸಿದೆ. ಪಂಪು ಚಾಲೂ ಇದ್ದಾಗ ಕಪ್ಲಿಂಗನ್ನು ಕೈಯಿಂದ ತಿರುಗಿಸಲು ಯಾರೂ ಹೋಗುವುದಿಲ್ಲ. ಅದು ತಾನೇ ತಿರುಗುತ್ತಿರುತ್ತದೆ. ಪೆಟ್ಟಿಗೆ ಇದೆಯೆಂದು ಗೊತ್ತಿದ್ದವರು ದೀಪ ಹತ್ತಿದ ಕೂಡಲೇ ಕೈ ತೆಗೆಯುತ್ತಿದ್ದರು. ಕಾಕಾ ದೀಪ ನೋಡಿದರು, ಅದಕ್ಕೆ ಮಹಾರಾಣಿ ಎಂದರು, ಮತ್ತೆ ಕೈ ಇಟ್ಟರು. ಸಾವಕಾರರು ಅವರಿಗೆ ಹೇಳಿದ್ದರೋ ಇಲ್ಲವೋ ನನ್ನ ಕಿವಿಯಿಂದ ಕೇಳಿಲ್ಲ. ಹೇಳುತ್ತೇನೆ ಎಂದದ್ದನ್ನಷ್ಟೇ ಕೇಳಿದ್ದೇನೆ. ಆ ಕೈ ಅಲ್ಲಿಯೇ ಇದ್ದುದನ್ನು ಕಂಡಿದ್ದೇನೆ.

ಈ ದಿನ ಬೆಳಿಗ್ಗೆ ಠಾಣೆಗೆ ಹೋಗುತ್ತೇನೆಂದು ಮನೆಯಲ್ಲಿ ತಿಳಿಸಿದೆ. ನಮ್ಮ ಕಬ್ಬು ಹೋಗುವುದೂ ಸಾವಕಾರರ ಘಟಕಕ್ಕೇ. ಆದರೂ ನನ್ನ ತಂದೆ, ಬೈಕ್ ಮ್ಯಾಲ ಬಿಡ್ತೀನಿ ನಡಿ, ಬಸ್ಸಿನಾಗ ಹತ್ತ ಮಂದಿ ಕೇಳ್ತಾರ ಎಂದರು. ಈಗ ಅವರು ಎದುರಿನ ಚಹಾ ಅಂಗಡಿಯಲ್ಲಿ ಕುಳಿತಿದ್ದಾರೆ. ಒಳಗೆ ಬನ್ನಿ ಎಂದರೆ, ನೀ ಬರದ ಬಾ, ನಾ ಇಲ್ಲೇ ಇರ್ತೀನಿ ಎಂದರು.

ಹವಾಲ್ದಾರರು, ಮುಂದೆ ಕೋರ್ಟಿನಲ್ಲಿ ಕರೆದರೆ ಇದನ್ನೇ ಹೇಳುವಿರೇನ್ರಿ ಬಾಯಿ, ಎಷ್ಟೋ ಮಂದಿ ಆಮೇಲೆ ಮಾತು ತಿರುಗಿಸುತ್ತಾರೆ ಎಂದು ಕೇಳಿದರು. ಹೇಳುತ್ತೇನೆ ಎಂದೆ. ಮಿರಜದಲ್ಲಿ ನಾಳೆ ಗುರುವಾರ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಮಾಯಪ್ಪ ಕಾಂಬಳೆಯವರ ಹೇಳಿಕೆಯನ್ನೂ ಪಡೆಯಬೇಕೆಂದು ಕೇಳಿಕೊಂಡಿದ್ದೇನೆ. ಈಗಲೇ ಮಿರಜದ ಠಾಣೆಗೆ ವೈರ್‌ಲೆಸ್‌ನಲ್ಲಿ ತಿಳಿಸುತ್ತೇವೆ ಎಂದಿದ್ದಾರೆ.

ಇಲ್ಲಿರುವುದೆಲ್ಲ ನಾನು ಕಂಡದ್ದು, ನನ್ನೆದುರು ಆಡಿದ ಮಾತು, ಇಲ್ಲವೇ ಮಾಯಪ್ಪ ಕಾಕಾ ನನಗೆ ಹೇಳಿದ್ದು. ಯಾರೂ ಹೇಳಿಕೊಟ್ಟಿಲ್ಲ, ಯಾರೂ ಹೆದರಿಸಿ ಬರೆಸಿಲ್ಲ. ಮಹಿಳಾ ಪೇದೆಯವರು ಗಟ್ಟಿಯಾಗಿ ಓದಿದರು. ಕೇಳಿ ಸರಿಯಿದೆ ಎಂದಿದ್ದೇನೆ.

ಇನ್ನೊಂದು ಮಾತು. ಸಮನ್ಸ್ ಬಂದರೆ ಯಡೂರಿನ ನಮ್ಮ ಮನೆಗೇ ಕಳಿಸಬೇಕು. ಘಟಕದ ವಿಳಾಸಕ್ಕೆ ಕಳಿಸಬಾರದು. ನಾಳೆಯಿಂದ ನಾನು ಅಲ್ಲಿ ಇರುವುದಿಲ್ಲ. ಇದನ್ನು ತಂದೆಯವರಿಗೆ ಇನ್ನೂ ಹೇಳಿಲ್ಲ. ಬೈಕಿನಲ್ಲಿ ಹೋಗುವಾಗ ಹೇಳುತ್ತೇನೆ.

ಸ್ಥಳ: ಅಂಕಲಿ
ದಿನಾಂಕ: 24-12-2025

(ಸಹಿ)
ಸ್ನೇಹಲ ಲಗಮಣ್ಣ ಖೋತ